ಅವರು ನಿಮಗೆ ಏನಾಗಬೇಕು?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವರ್ಷ ನನ್ನ ಭಾವನವರು, ಅಂದರೆ ನನ್ನ ಗಂಡನ ಅಣ್ಣ, ತೀರಿಕೊಂಡರು. ಅವರ ಹೆಸರಿನಲ್ಲಿದ್ದ ತೆಂಗಿನ ತೋಟದ ಪೌತಿ ಖಾತೆಗೆ, ಅಂದರೆ ಅದನ್ನು ವಾರಸುದಾರರ ಹೆಸರಿಗೆ ಬದಲಿಸುವುದಕ್ಕೆ, ವಂಶವೃಕ್ಷ ಬೇಕಿತ್ತು. ನನ್ನ ಓರಗಿತ್ತಿಯ ಹಿರಿಯ ಮಗ ಅರ್ಜಿ ತುಂಬಿದ. ಅದರಲ್ಲಿ ‘ಮೃತರೊಂದಿಗಿನ ಸಂಬಂಧ’ ಎಂಬ ಒಂದು ಅಂಕಣವಿತ್ತು. ತೀರಿಕೊಂಡವರು ತನಗೆ ಏನಾಗಬೇಕೆಂದು ಕೇಳುತ್ತಿದ್ದಾರೆ ಎಂದುಕೊಂಡು ಅವನು ‘ತಂದೆ’ ಎಂದು ಬರೆದ. ಕಂಪ್ಯೂಟರಿನ ಮುಂದೆ ಕುಳಿತಿದ್ದವರು, ಅರ್ಜಿ ಹಾಕಿದವನು ಮೃತರಿಗೆ ಏನಾಗಬೇಕು ಎಂಬ ಪ್ರಶ್ನೆಗೆ ಅದು ಉತ್ತರವೆಂದು ಓದಿಕೊಂಡರು. ಹದಿನೈದು ದಿನಗಳ ನಂತರ ಕೈಗೆ ಬಂದ ಕಾಗದದಲ್ಲಿ ನಲವತ್ತಮೂರು ವರ್ಷದ ಮಗ ಎಪ್ಪತ್ತೊಂದು ವರ್ಷದ ತಂದೆಗೆ ತಂದೆಯಾಗಿದ್ದ. ಅದನ್ನು ತಿದ್ದಿಸಲು ಛಾಪಾ ಕಾಗದ, ಪ್ರಮಾಣಪತ್ರ, ಸಾಕ್ಷಿಗಳ ಸಹಿ, ಎಲ್ಲವೂ ಮತ್ತೊಮ್ಮೆ ಆಗಬೇಕಾಯಿತು. ಆರು ವಾರಗಳು ಹೋದವು. ಗಂಡನನ್ನು ಕಳೆದುಕೊಂಡ ನೋವಿನಲ್ಲಿದ್ದ ಅಕ್ಕ ಮೂರು ಸಲ ಆ ಮೆಟ್ಟಿಲು ಹತ್ತಿ ಇಳಿದರು.

ಕಚೇರಿಯವರನ್ನು ದೂರುವುದು ನನ್ನ ಉದ್ದೇಶವಲ್ಲ. ನಮ್ಮ ಹುಡುಗನೂ ತಪ್ಪು ಮಾಡಲಿಲ್ಲ, ಟೈಪ್ ಮಾಡಿದವರೂ ತಪ್ಪು ಮಾಡಲಿಲ್ಲ. ತಪ್ಪಿರುವುದು ‘ಒಂದಿಗಿನ’ ಎಂಬ ಆ ಪದದಲ್ಲಿ. ಮೂವತ್ತೊಂದು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಇದೇ ತಪ್ಪನ್ನು ಮಕ್ಕಳ ಉತ್ತರಪತ್ರಿಕೆಗಳಲ್ಲಿ ಕೆಂಪು ಶಾಯಿಯಿಂದ ಎಷ್ಟು ಸಲ ಗುರುತು ಹಾಕಿದ್ದೇನೋ ಲೆಕ್ಕವಿಲ್ಲ. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾದರೂ ದಯವಿಟ್ಟು ಜಾಗ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಗಣಿತದಲ್ಲಿ ಸಂಬಂಧವೆಂದರೆ ಜೋಡಿಗಳ ಒಂದು ಗಣ, ಅಷ್ಟೇ. ಆದರೆ ಆ ಜೋಡಿಗೆ ಕ್ರಮವಿದೆ. ಯಾರು ಮೊದಲು, ಯಾರು ನಂತರ ಎಂಬುದು ಬದಲಾದರೆ ಅರ್ಥವೇ ತಲೆಕೆಳಗಾಗುತ್ತದೆ. ‘ತಂದೆ’ ಎಂಬ ಸಂಬಂಧದಲ್ಲಿ ಭಾವನವರ ಹೆಸರು ಮೊದಲು, ಮಗನ ಹೆಸರು ನಂತರ ಬರಬೇಕು. ಕಾಗದದಲ್ಲಿ ಅದು ಹಿಂದುಮುಂದಾಯಿತು. ಆವರಣದೊಳಗೆ ಎರಡು ಅಕ್ಷರ ಬರೆದು ನಡುವೆ ಅಲ್ಪವಿರಾಮ ಹಾಕಿದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ವ್ಯತ್ಯಾಸ ಮಕ್ಕಳ ಮನಸ್ಸಿಗೆ ಇಳಿಯುವುದಿಲ್ಲ. ಬರೀ ಗಣಗಳಿಂದಲೇ ಈ ಮೊದಲು-ನಂತರವನ್ನು ಹೇಗೆ ಕಟ್ಟಬೇಕೆಂಬುದು ದೊಡ್ಡ ಗಣಿತಜ್ಞರನ್ನೂ ಕಾಡಿದ ಪ್ರಶ್ನೆ. 1914ರಲ್ಲಿ ನಾರ್ಬರ್ಟ್ ವೀನರ್ ಒಂದು ದಾರಿ ತೋರಿಸಿದರು. ಇಂದಿಗೂ ಬಳಕೆಯಲ್ಲಿರುವ ಸರಳ ದಾರಿಯನ್ನು 1921ರಲ್ಲಿ ಪೋಲೆಂಡಿನ ಕುರಾಟೊವ್‌ಸ್ಕಿ ಕೊಟ್ಟರು: ಇಬ್ಬರನ್ನೂ ಒಟ್ಟಿಗೆ ಒಂದು ಗಣದಲ್ಲಿಡು, ಮೊದಲಿಗನನ್ನು ಮಾತ್ರ ಇನ್ನೊಂದು ಗಣದಲ್ಲಿ ಒಂಟಿಯಾಗಿ ಮತ್ತೊಮ್ಮೆ ಇಡು. ಒಂಟಿಯಾಗಿ ಕಾಣಿಸಿಕೊಂಡವನೇ ಮೊದಲಿಗ ಎಂದು ಗೊತ್ತಾಗುತ್ತದೆ.

ಈ ಕೆಲಸವನ್ನು ನಮ್ಮ ಭಾಷೆ ಒಂದೇ ಪ್ರತ್ಯಯದಿಂದ ಮಾಡಿಬಿಡುತ್ತದೆ. ‘ಗೆ’, ‘ಇಗೆ’, ‘ಕ್ಕೆ’ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಚತುರ್ಥಿ ವಿಭಕ್ತಿ ಅದು. ಮದುವೆಮನೆಯಲ್ಲಿ ಪಕ್ಕದಲ್ಲಿ ಊಟಕ್ಕೆ ಕುಳಿತ ಹೆಂಗಸು ಕೇಳುವುದು, “ಮದುವಣಗಿತ್ತಿಗೆ ನೀವು ಏನಾಗಬೇಕು?” ಎಂದು. ಅದಕ್ಕೆ ಯಾರೂ ತಪ್ಪು ಉತ್ತರ ಕೊಡುವುದಿಲ್ಲ. ಓದು ಬರಹ ಬಾರದ ನನ್ನ ಅಜ್ಜಿಯೂ ಕೊಡುತ್ತಿರಲಿಲ್ಲ. ‘ಮದುವಣಗಿತ್ತಿಗೆ ನೀವು’ ಎಂದರೂ ಅದೇ, ‘ನೀವು ಮದುವಣಗಿತ್ತಿಗೆ’ ಎಂದರೂ ಅದೇ. ಪದಗಳನ್ನು ಹೇಗೆ ಬೇಕಾದರೂ ಜೋಡಿಸಿ, ಪ್ರತ್ಯಯ ಎಲ್ಲಿ ಅಂಟಿದೆಯೋ ಅವರೇ ಎರಡನೆಯವರು. ‘ಒಂದಿಗೆ’ ಎಂದಾಗ ಈ ದಿಕ್ಕು ಅಳಿಸಿಹೋಗುತ್ತದೆ. ನಾನು ಅವರೊಂದಿಗೆ ಪೇಟೆಗೆ ಹೋದೆ ಎಂದರೆ ಅವರೂ ನನ್ನೊಂದಿಗೆ ಹೋದರು ಎಂದೇ ಅರ್ಥ. ಹೋಗಿ ಬರುವುದಕ್ಕೆ ಆ ಪದ ಸಾಕು, ತಂದೆ ಮಗನನ್ನು ಗುರುತಿಸುವುದಕ್ಕೆ ಸಾಲದು.

ನನ್ನ ತಂಗಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದಳು. 2011ರ ಜನಗಣತಿಗೆ ಮನೆಮನೆ ಸುತ್ತಿದವಳು. ಜನಗಣತಿಯಲ್ಲೂ ಕುಟುಂಬದ ಮುಖ್ಯಸ್ಥರೊಂದಿಗಿನ ಸಂಬಂಧವನ್ನು ದಾಖಲಿಸಬೇಕು. “ಅಕ್ಕ, ಆ ಮಾತನ್ನು ನಾನು ಯಾರ ಮನೆಯಲ್ಲೂ ಓದಿ ಹೇಳಲಿಲ್ಲ. ಇವರು ಯಜಮಾನರಿಗೆ ಏನಾಗಬೇಕು ಎಂದು ಕೇಳಿದೆ, ಸರಿಯಾಗಿ ಹೇಳಿದರು” ಎಂದಳು.

ಇನ್ನು ತರಗತಿಯ ವಿಷಯ. ನಮ್ಮ ರಾಜ್ಯದ ಪದವಿಪೂರ್ವ ಕಾಲೇಜುಗಳಲ್ಲಿ ಗಣಿತಕ್ಕೆ ಎನ್‌ಸಿಇಆರ್‌ಟಿಯ ಪಠ್ಯವಿದೆ. ಸಂಬಂಧಗಳ ಪಾಠ ಮೊದಲ ವರ್ಷದಲ್ಲಿ ಒಮ್ಮೆ ಬರುತ್ತದೆ, ಎರಡನೆಯ ವರ್ಷದಲ್ಲಿ ಮೊದಲ ಅಧ್ಯಾಯವಾಗಿಯೇ ಮತ್ತೆ ಬರುತ್ತದೆ. ಗಣಿತದ ಈ ಪರಿಕಲ್ಪನೆಯನ್ನು ಇಂಗ್ಲಿಷ್ ಭಾಷೆಯಲ್ಲಿ ಆ ಪದಕ್ಕಿರುವ ಅರ್ಥದಿಂದ ಪಡೆಯಲಾಗಿದೆ ಎಂದು ಎರಡನೆಯ ವರ್ಷದ ಆ ಅಧ್ಯಾಯದ ಪೀಠಿಕೆ ಹೇಳುತ್ತದೆ. ಅದು ನಿಜವೇ ಇರಬಹುದು. ಆದರೆ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಜೂನ್ ತಿಂಗಳಲ್ಲಿ ಇದ್ದಕ್ಕಿದ್ದಂತೆ ಇಂಗ್ಲಿಷ್ ಪುಸ್ತಕ ಕೈಗೆತ್ತಿಕೊಂಡ ಹುಡುಗಿಗೆ ಆ ಪದ ಏನನ್ನು ನೆನಪಿಸುತ್ತದೆ? ಏನನ್ನೂ ಇಲ್ಲ. ಅವಳಿಗೆ ಗೊತ್ತಿರುವುದು ನೆಂಟಸ್ತಿಕೆ. ಅವಳಿಗೆ ಗೊತ್ತಿರುವುದು ‘ಒಳ್ಳೆಯ ಕಡೆಯಿಂದ ಒಂದು ಸಂಬಂಧ ಬಂದಿದೆ’ ಎಂದು ಮನೆಯಲ್ಲಿ ಪಿಸುಗುಟ್ಟುವ ಮಾತು. ‘ಅದಕ್ಕೂ ಇದಕ್ಕೂ ಏನು ಸಂಬಂಧ’ ಎಂಬ ಜಗಳದ ಮಾತು. ಆ ಪದದ ಬಾಗಿಲಿನಿಂದ ಅವಳನ್ನು ಒಳಗೆ ಕರೆದುಕೊಳ್ಳಬಹುದಿತ್ತು. ನಾವು ಹಾಗೆ ಮಾಡದೆ ರಿಫ್ಲೆಕ್ಸಿವ್, ಸಿಮೆಟ್ರಿಕ್, ಟ್ರಾನ್ಸಿಟಿವ್ ಎಂಬ ಮೂರು ಪದಗಳನ್ನು ಕರಿಹಲಗೆಯ ಮೇಲೆ ಬರೆದು ‘ವ್ಯಾಖ್ಯೆ ಬರೆದುಕೊಳ್ಳಿ’ ಎನ್ನುತ್ತೇವೆ. ಮೊದಲ ಒಂಬತ್ತು ವರ್ಷ ನಾನೂ ಹಾಗೆಯೇ ಮಾಡಿದೆ.

ಹತ್ತನೆಯ ವರ್ಷ ಒಬ್ಬ ಹುಡುಗಿ ನನ್ನನ್ನು ನಿಲ್ಲಿಸಿದಳು. ಟ್ರಾನ್ಸಿಟಿವ್ ಎಂದರೆ ದಾಟಿಸುವುದು: ಮೊದಲನೆಯವನಿಗೂ ಎರಡನೆಯವನಿಗೂ ಸಂಬಂಧವಿದ್ದು, ಎರಡನೆಯವನಿಗೂ ಮೂರನೆಯವನಿಗೂ ಅದೇ ಸಂಬಂಧವಿದ್ದರೆ, ಮೊದಲನೆಯವನಿಗೂ ಮೂರನೆಯವನಿಗೂ ಅದೇ ಇರಬೇಕು. ಉದಾಹರಣೆಗೆ ಒಡಹುಟ್ಟಿದವರನ್ನು ತೆಗೆದುಕೊಳ್ಳಿ, ಒಡಹುಟ್ಟಿದವರ ಒಡಹುಟ್ಟಿದವರು ಒಡಹುಟ್ಟಿದವರೇ ಎಂದೆ. ಮೂರನೆಯ ಬೆಂಚಿನಿಂದ ಅವಳು ಎದ್ದು ನಿಂತು, “ಮೇಡಂ, ನನಗೆ ಒಬ್ಬನೇ ತಮ್ಮ. ನಾನು ಅವನಿಗೆ ಒಡಹುಟ್ಟು, ಅವನು ನನಗೆ ಒಡಹುಟ್ಟು. ನೀವು ಹೇಳಿದಂತಾದರೆ ನನಗೆ ನಾನೇ ಒಡಹುಟ್ಟಾಗಬೇಕಲ್ಲ?” ಎಂದಳು.

ತರಗತಿಯಲ್ಲಿ ಕೆಲವರು ನಕ್ಕರು. ನಾನು ನಗಲಿಲ್ಲ. ಅವಳು ಹೇಳಿದ್ದು ಸಂಪೂರ್ಣವಾಗಿ ಸರಿ. ನಿಯಮದಲ್ಲಿ ಮೂವರೂ ಬೇರೆ ಬೇರೆಯವರಾಗಿರಬೇಕೆಂದು ಎಲ್ಲೂ ಹೇಳಿಲ್ಲ, ಮೊದಲನೆಯವಳೇ ಮೂರನೆಯವಳೂ ಆಗಬಹುದು. ಯಾರೂ ತಮಗೆ ತಾವೇ ಒಡಹುಟ್ಟಲ್ಲವಾದ್ದರಿಂದ ಆ ಸಂಬಂಧ ದಾಟುವುದಿಲ್ಲ. ಒಂಬತ್ತು ವರ್ಷ ನಾನು ಮಕ್ಕಳಿಗೆ ತಪ್ಪು ಹೇಳಿಕೊಟ್ಟಿದ್ದೆ. ಆ ದಿನ ಮನೆಗೆ ಹೋದವಳು ರಾತ್ರಿ ಹನ್ನೆರಡರವರೆಗೂ ಕಾಗದದ ಮೇಲೆ ನಮ್ಮ ಮನೆತನದ ಎಲ್ಲರ ಹೆಸರುಗಳನ್ನೂ ಬರೆದು ಬಾಣಗಳನ್ನು ಎಳೆಯುತ್ತಾ ಕುಳಿತೆ. ಆ ಹಾಳೆ ಈಗಲೂ ನನ್ನ ಬಳಿ ಇದೆ.

ಅಂದು ನನಗೆ ಕಂಡದ್ದು ಇದು. ‘ಒಡಹುಟ್ಟು’ ಎಂಬುದನ್ನು ‘ಒಂದೇ ತಾಯಿ ತಂದೆಯ ಮಕ್ಕಳು’ ಎಂದು ಬದಲಿಸಿದರೆ ಎಲ್ಲವೂ ಸರಿಹೋಗುತ್ತದೆ. ನಾನೂ ನನ್ನ ತಾಯಿ ತಂದೆಯ ಮಗಳೇ. ಆದ್ದರಿಂದ ಈ ಸಂಬಂಧ ನನಗೂ ನನಗೂ ಉಂಟು (ರಿಫ್ಲೆಕ್ಸಿವ್), ಎರಡೂ ಕಡೆಗೆ ಸಮವಾಗಿದೆ (ಸಿಮೆಟ್ರಿಕ್), ದಾಟುತ್ತದೆ (ಟ್ರಾನ್ಸಿಟಿವ್). ಮೂರೂ ಗುಣಗಳು ಸೇರಿದ ಕೂಡಲೇ ಇಡೀ ಊರಿನ ಜನ ಗುಂಪುಗುಂಪಾಗಿ ಬೇರ್ಪಡುತ್ತಾರೆ, ಒಬ್ಬರೂ ಎರಡು ಗುಂಪಿಗೆ ಸೇರುವುದಿಲ್ಲ, ಒಬ್ಬರೂ ಹೊರಗೆ ಉಳಿಯುವುದಿಲ್ಲ. ಹಳ್ಳಿಗಳಲ್ಲಿ ‘ನಿಮ್ಮದು ಯಾವ ಬೆಡಗು’, ಅಂದರೆ ಯಾವ ವಂಶದ ಗುಂಪು, ಎಂದು ಕೇಳುವುದು ಇಂಥದೇ ಹಂಚಿಕೆಯ ಬಗ್ಗೆ. ಒಂದೇ ಬೆಡಗಿನವರು ಅಣ್ಣತಂಗಿಯರಿದ್ದಂತೆ, ಅವರ ನಡುವೆ ಮದುವೆಯಿಲ್ಲ. ಬೆಡಗು ತಂದೆಯಿಂದ ಬರುತ್ತದೆ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ‘ಬರಿ’ ಎಂಬ ಇಂಥದೇ ಗುಂಪು ತಾಯಿಯಿಂದ ಬರುತ್ತದೆ. ಎಲ್ಲಿಂದ ಬಂದರೂ ಗಣಿತದ ರೂಪ ಒಂದೇ. ಸಂತೆಯ ದಿನವೂ ಅಷ್ಟೇ: ನಮ್ಮ ಹೋಬಳಿಯ ಸಂತೆ ಈ ತಿಂಗಳ 3ರಂದು ಬಿದ್ದರೆ 10, 17, 24, 31 ಎಲ್ಲವೂ ಸಂತೆಯ ದಿನಗಳೇ, ಏಳರಿಂದ ಭಾಗಿಸಿದರೆ ಒಂದೇ ಶೇಷ ಉಳಿಯುವ ಒಂದು ಗುಂಪು ಅವು. ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗರ ಮುಖದಲ್ಲೂ ಬೆಳಕು ಕಾಣುತ್ತಿತ್ತು.

‘ಅಣ್ಣ’ ಎಂಬ ಪದವನ್ನು ನೋಡಿ. ಒಂದೇ ತಾಯಿ ತಂದೆಯ ಮಕ್ಕಳಲ್ಲಿ ಅಣ್ಣನ ಅಣ್ಣ ಅಣ್ಣನೇ. ಇಲ್ಲಿ ಆ ಹುಡುಗಿಯ ಆಕ್ಷೇಪಣೆ ಏಳುವುದೇ ಇಲ್ಲ, ಏಕೆಂದರೆ ಅವನು ನನಗೆ ಅಣ್ಣನಾದರೆ ನಾನು ಅವನಿಗೆ ಎಂದಿಗೂ ಅಣ್ಣನಾಗಲಾರೆ. ಹಿರಿತನವನ್ನು ಪದದೊಳಗೇ ಇಟ್ಟುಕೊಂಡ ನಮ್ಮ ಭಾಷೆಯಲ್ಲಿ ಅಣ್ಣ, ಅಕ್ಕ, ತಮ್ಮ, ತಂಗಿ ನಾಲ್ಕೂ ಶುದ್ಧವಾದ ಏರಿಳಿತದ ಸಂಬಂಧಗಳು. ಇಂಗ್ಲಿಷಿನ ಬ್ರದರ್ ಹಾಗಲ್ಲ. ತಿರುಗುಮುರುಗು ಮಾಡಿದಾಗಲೂ ಒಂದು ಸೂಕ್ಷ್ಮವಿದೆ. ಅವನು ನನಗೆ ಅಣ್ಣನಾದರೆ ನಾನು ಅವನಿಗೆ ಏನು? ತಮ್ಮನೂ ಆಗಬಹುದು, ತಂಗಿಯೂ ಆಗಬಹುದು. ಅಂದರೆ ‘ಅಣ್ಣ’ನ ವಿಲೋಮ ಒಂದೇ ಪದವಲ್ಲ, ಎರಡು ಪದಗಳ ಕೂಟ. ಮೊದಲ ಪಿಯುಸಿಯ ಮಕ್ಕಳು ಇದನ್ನು ಐದು ನಿಮಿಷದಲ್ಲಿ ಕಂಡುಕೊಂಡರು. ಸೂತ್ರದಿಂದ ಶುರು ಮಾಡಿದ್ದರೆ ಒಂದು ವಾರವೂ ಸಾಲುತ್ತಿರಲಿಲ್ಲ.

ಬೀಗರು ಎಂಬ ಪದ ನನಗೆ ಬಹಳ ಪ್ರಿಯವಾದದ್ದು. ಅವರು ನಮಗೆ ಬೀಗರಾದರೆ ನಾವೂ ಅವರಿಗೆ ಬೀಗರೇ. ಷಡ್ಡಕನಿಗೆ ಷಡ್ಡಕ, ಓರಗಿತ್ತಿಗೆ ಓರಗಿತ್ತಿ, ಇವೆಲ್ಲ ಎರಡೂ ಕಡೆಯಿಂದ ಒಂದೇ ಆಗಿ ಕಾಣುವ ಸಂಬಂಧಗಳು. ಆದರೆ ಬೀಗರ ಬೀಗರು ನಮಗೆ ಬೀಗರಲ್ಲ. ಮಗಳ ಮದುವೆಗೆ ಅವರನ್ನು ಕರೆಯುತ್ತೇವೆ, ಮುಂದಿನ ಸಾಲಿನಲ್ಲಿ ಕೂರಿಸುವುದಿಲ್ಲ. ಸಮವಾಗಿದ್ದೂ ದಾಟದ ಸಂಬಂಧಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ನೆಂಟಸ್ತಿಕೆಯ ಹೊರಗೆ ಬೇಕೆಂದರೆ ಭೂಪಟ ತೆರೆಯಿರಿ. ಗೋವಾ ನಮಗೆ ನೆರೆರಾಜ್ಯ, ಕೇರಳವೂ ನಮಗೆ ನೆರೆರಾಜ್ಯ, ಗೋವಾ ಮತ್ತು ಕೇರಳ ಒಂದಕ್ಕೊಂದು ನೆರೆಯಲ್ಲ.

ಎಲ್ಲವನ್ನೂ ಒಂದೇ ಏಣಿಯ ಮೇಲೆ ನಿಲ್ಲಿಸಲಾಗದು ಎಂಬುದನ್ನು ನಾನು ನದಿಗಳಿಂದ ಹೇಳಿಕೊಡುತ್ತಿದ್ದೆ. ‘ಇದರ ನೀರು ಅದಕ್ಕೆ ಸೇರುತ್ತದೆ’ ಎಂಬ ಸಂಬಂಧವನ್ನು ತೆಗೆದುಕೊಳ್ಳಿ. ಯಗಚಿ ಹೇಮಾವತಿಗೆ ಸೇರುತ್ತದೆ, ಹೇಮಾವತಿ ಕಾವೇರಿಗೆ ಸೇರುತ್ತದೆ, ಆದ್ದರಿಂದ ಯಗಚಿಯ ನೀರು ಕಾವೇರಿಗೆ ಸೇರುತ್ತದೆ. ವೇದಾವತಿ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ. ಯಗಚಿಯೂ ವೇದಾವತಿಯೂ ಬಾಬಾಬುಡನ್‌ಗಿರಿಯ ಸಾಲಿನಲ್ಲೇ ಹುಟ್ಟುತ್ತವೆ. ಆದರೂ ಈ ಸಂಬಂಧದಲ್ಲಿ ಯಗಚಿ ವೇದಾವತಿಗೆ ಏನೂ ಆಗಬೇಕಿಲ್ಲ, ವೇದಾವತಿ ಯಗಚಿಗೆ ಏನೂ ಆಗಬೇಕಿಲ್ಲ.

ಸಂಬಂಧಗಳನ್ನು ಒಂದರ ಮೇಲೊಂದು ಪೋಣಿಸುವ ಪಾಠ ಮಕ್ಕಳಿಗೆ ಅತ್ಯಂತ ಕಷ್ಟದ್ದು. ಬಲದಿಂದ ಎಡಕ್ಕೆ ಓದಬೇಕು ಎಂದು ಹೇಳಿದ ಕೂಡಲೇ ಅರ್ಧ ತರಗತಿ ಕೈಬಿಡುತ್ತದೆ. ಕನ್ನಡದಲ್ಲಿ ಷಷ್ಠಿ ವಿಭಕ್ತಿಯೇ ಪೋಣಿಸುವ ದಾರ. ‘ನನ್ನ ಗಂಡನ ಅಣ್ಣನ ಹೆಂಡತಿ.’ ನನ್ನಿಂದ ಹೊರಟು ಗಂಡನ ಬಳಿಗೆ, ಅಲ್ಲಿಂದ ಅವರ ಅಣ್ಣನ ಬಳಿಗೆ, ಅಲ್ಲಿಂದ ಅವರ ಹೆಂಡತಿಯ ಬಳಿಗೆ, ಕಾಲುನಡಿಗೆಯಲ್ಲಿ ಮನೆಯಿಂದ ಮನೆಗೆ ಹೋದ ಕ್ರಮದಲ್ಲೇ ಪದಗಳು ಬರುತ್ತವೆ. ಮೂರು ಹೆಜ್ಜೆಗಳು ಮುಗಿದಾಗ ಸಿಗುವವಳಿಗೆ ಒಂದೇ ಪದ: ಓರಗಿತ್ತಿ. ಕ್ರಮ ಬದಲಿಸಿದರೆ ಏನಾಗುತ್ತದೆ ಎಂದು ಕೇಳುತ್ತಿದ್ದೆ. ‘ಮಗನ ಹೆಂಡತಿ’ ಸೊಸೆ, ‘ಹೆಂಡತಿಯ ಮಗ’ ಮಗ. ಹುಡುಗರು ಮತ್ತೆಂದೂ ಆ ಕ್ರಮವನ್ನು ಮರೆಯಲಿಲ್ಲ.

ಕಷ್ಟದ ಜಾಗಗಳೂ ಇವೆ, ಅವನ್ನು ಮುಚ್ಚಿಡಬಾರದು. ‘ಹೆಂಡತಿ’ ಎಂಬ ಸಂಬಂಧ ದಾಟುತ್ತದೆಯೇ? ಪಠ್ಯಪುಸ್ತಕದ ಅಭ್ಯಾಸದಲ್ಲೇ ಈ ಪ್ರಶ್ನೆಯಿದೆ. ಪ್ರತಿವರ್ಷ ಇದರ ಮೇಲೆ ಗಲಾಟೆಯಾಗುತ್ತಿತ್ತು. ಮೊದಲನೆಯವಳು ಎರಡನೆಯವನಿಗೆ ಹೆಂಡತಿ. ಎರಡನೆಯವನು ಗಂಡಸಾದ್ದರಿಂದ ಅವನು ಮೂರನೆಯವರಿಗೆ ಹೆಂಡತಿಯಾಗುವ ಸಂದರ್ಭವೇ ಬರುವುದಿಲ್ಲ. ಹಾಗಾಗಿ ನಿಯಮ ಮುರಿಯುವುದಿಲ್ಲ, ಮುರಿಯದ ನಿಯಮ ಉಳಿದಂತೆಯೇ ಲೆಕ್ಕ. ದಾಟುತ್ತದೆ ಎಂದೇ ಉತ್ತರ. ‘ಇದು ಮೋಸ’ ಎಂದು ಮಕ್ಕಳು ಹೇಳುತ್ತಿದ್ದರು. ಸಾಲ ಮಾಡದವನು ಸಾಲ ತೀರಿಸದೆ ಉಳಿಸಿಕೊಂಡಿದ್ದಾನೆಯೇ ಎಂದು ನಾನು ಕೇಳುತ್ತಿದ್ದೆ. ಸ್ವಲ್ಪ ಹೊತ್ತು ಮೌನವಾಗಿರುತ್ತಿದ್ದರು. ಎಲ್ಲರೂ ಒಪ್ಪುತ್ತಿರಲಿಲ್ಲ. ಒಪ್ಪದೇ ಯೋಚಿಸುವ ಆ ಮೌನ ನನಗೆ ಬೇಕಾಗಿತ್ತು.

ಇನ್ನೊಂದು ಕಷ್ಟ ಇದಕ್ಕಿಂತ ದೊಡ್ಡದು. ಆಡುಮಾತಿನಲ್ಲಿ ಸಂಬಂಧ ಎಂದರೆ ಏನೋ ಒಂದು ಕಾರಣದ ಎಳೆ ಇರಬೇಕು: ರಕ್ತ, ಮದುವೆ, ಸಾಲ, ಹೊಲದ ಬದು. ಗಣಿತಕ್ಕೆ ಆ ಎಳೆ ಬೇಕಾಗಿಲ್ಲ. ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕಿದಂತೆ ಯಾವ ಜೋಡಿಗಳನ್ನು ಒಟ್ಟು ಮಾಡಿದರೂ ಅದು ಸಂಬಂಧವೇ. ಒಂದು ಜೋಡಿಯೂ ಇಲ್ಲದ ಖಾಲಿ ಗಣವೂ ಒಂದು ಸಂಬಂಧ. ಹುಡುಗರ ಶಾಲೆಯೊಂದರ ವಿದ್ಯಾರ್ಥಿಗಳಲ್ಲಿ ‘ಇವನು ಅವನಿಗೆ ಸಹೋದರಿ’ ಎಂಬ ಸಂಬಂಧ ಖಾಲಿ ಎಂದು ಪಠ್ಯವೇ ಉದಾಹರಣೆ ಕೊಡುತ್ತದೆ. ‘ಸಂಬಂಧವಿಲ್ಲ ಎಂಬುದೂ ಸಂಬಂಧವೇ?’ ಎಂದು ಮಕ್ಕಳು ಬೆರಗಾಗುತ್ತಾರೆ. ಇಲ್ಲಿಯೇ ಆಡುಮಾತು ಮತ್ತು ಗಣಿತ ಬೇರೆ ದಾರಿ ಹಿಡಿಯುವುದು. ಇಬ್ಬರೂ ಒಂದೇ ಊರಿನಿಂದ ಹೊರಟರು ಎಂಬುದು ಮೊದಲು ಗೊತ್ತಾದರೆ ಮಾತ್ರ ಎಲ್ಲಿ ಅಗಲಿದರು ಎಂಬುದು ಅರ್ಥವಾಗುತ್ತದೆ.

ಇದು ನನ್ನೊಬ್ಬಳ ಹುಚ್ಚಲ್ಲ. ಸಂಬಂಧಗಳ ತರ್ಕವನ್ನು 1860ರಲ್ಲಿ ಒಂದು ಶಾಸ್ತ್ರವಾಗಿ ಕಟ್ಟತೊಡಗಿದವರು ಬ್ರಿಟಿಷ್ ಗಣಿತಜ್ಞ ಅಗಸ್ಟಸ್ ಡಿ ಮಾರ್ಗನ್. ಅವರು 1806ರಲ್ಲಿ ಹುಟ್ಟಿದ್ದು ಇಲ್ಲಿಯೇ ಪಕ್ಕದ ಮದುರೆಯಲ್ಲಿ. ಕುದುರೆ ಪ್ರಾಣಿಯಾದರೆ ಕುದುರೆಯ ತಲೆ ಪ್ರಾಣಿಯ ತಲೆ ಎಂಬ, ಮಗುವಿಗೂ ತಿಳಿಯುವ ಮಾತನ್ನು ಅರಿಸ್ಟಾಟಲನ ಕಾಲದಿಂದ ಬಂದ ತರ್ಕದ ನಿಯಮಗಳಿಂದ ಸಾಧಿಸಲು ಆಗುವುದಿಲ್ಲ ಎಂಬ ಉದಾಹರಣೆ ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಆ ‘ಕುದುರೆಯ’ ಎಂಬಲ್ಲಿನ ಷಷ್ಠಿಯೇ ಹಳೆಯ ತರ್ಕ ಕಾಣದೆ ಹೋದ ಸಂಬಂಧ. ಅವರ ನಂತರ ಅಮೆರಿಕದ ಪರ್ಸ್ 1870ರಲ್ಲಿ, ಟಾರ್ಸ್ಕಿ 1941ರಲ್ಲಿ ಈ ವಿದ್ಯೆಯನ್ನು ಬೆಳೆಸಿದರು. 1970ರಲ್ಲಿ ಕಾಡ್ ಎಂಬವರು ಕಂಪ್ಯೂಟರಿನಲ್ಲಿ ಮಾಹಿತಿಯನ್ನು ಸಂಬಂಧಗಳಾಗಿ, ಅಂದರೆ ಸಾಲು ಮತ್ತು ಅಂಕಣಗಳ ಪಟ್ಟಿಗಳಾಗಿ ಇಡುವ ಮಾದರಿಯನ್ನು ಕೊಟ್ಟರು. ನಮ್ಮ ಹುಡುಗನ ಅರ್ಜಿಯನ್ನು ನುಂಗಿದಂಥ ಪಟ್ಟಿಗಳು ಆ ಮಾದರಿಯ ಮಕ್ಕಳು. ಯಾವ ಅಂಕಣದಲ್ಲಿ ಯಾರ ಹೆಸರು ಎಂದು ಆ ಪಟ್ಟಿಗೆ ಸ್ಪಷ್ಟವಾಗಿ ಗೊತ್ತಿರುತ್ತದೆ. ನಮಗೆ ಕೇಳುವ ಪ್ರಶ್ನೆಯಲ್ಲಿ ಮಾತ್ರ ಅದು ಇರುವುದಿಲ್ಲ.

ಡಿ ಮಾರ್ಗನ್ ಬಗ್ಗೆ ನನಗೆ ಗೌರವ ಹೆಚ್ಚಾಗಲು ಇನ್ನೊಂದು ಕಾರಣವಿದೆ. ದೆಹಲಿಯ ರಾಮಚಂದ್ರ ಎಂಬ ಅಧ್ಯಾಪಕರು ಗರಿಷ್ಠ ಕನಿಷ್ಠಗಳ ಲೆಕ್ಕಗಳನ್ನು ಕಲನಶಾಸ್ತ್ರದ ನೆರವಿಲ್ಲದೆ ಬೀಜಗಣಿತದಿಂದಲೇ ಬಿಡಿಸಿ 1850ರಲ್ಲಿ ಕಲ್ಕತ್ತಾದಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದ್ದರು. ಭಾರತೀಯರ ಮನಸ್ಸು ಬೀಜಗಣಿತಕ್ಕೆ ಒಗ್ಗಿದ್ದು, ಆ ದಾರಿಯಿಂದಲೇ ಅವರನ್ನು ಮುಂದಿನ ಗಣಿತಕ್ಕೆ ಕರೆದೊಯ್ಯಬೇಕು ಎಂಬುದು ಅದರ ಹಿಂದಿನ ವಿಚಾರ. ಡಿ ಮಾರ್ಗನ್ ಅದನ್ನು ಮೆಚ್ಚಿ, ತಾವೇ ಮುನ್ನುಡಿ ಬರೆದು 1859ರಲ್ಲಿ ಲಂಡನ್ನಿನಲ್ಲಿ ಮತ್ತೆ ಪ್ರಕಟವಾಗುವಂತೆ ಮಾಡಿದರು. ಮರುವರ್ಷವೇ ಸಂಬಂಧಗಳ ಮೇಲಿನ ಅವರ ಪ್ರಬಂಧ ಬಂತು.

ನಮ್ಮ ನೆಂಟಸ್ತಿಕೆಯ ಪದಗಳಲ್ಲಿರುವ ಲೆಕ್ಕವನ್ನು ಹೊರಗಿನವರು ಬಹಳ ಹಿಂದೆಯೇ ಗಮನಿಸಿದ್ದಾರೆ. 1871ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಲೂಯಿಸ್ ಹೆನ್ರಿ ಮಾರ್ಗನ್ ಜಗತ್ತಿನ ಅನೇಕ ಜನಾಂಗಗಳ ಬಂಧುವಾಚಕಗಳನ್ನು ಪಟ್ಟಿ ಮಾಡಿದಾಗ ತಮಿಳು, ತೆಲುಗಿನ ಜೊತೆ ಕನ್ನಡದ ಪದಗಳನ್ನೂ ಸೇರಿಸಿದ್ದರು. ತಂದೆಯ ತಂಗಿಯೂ ಅತ್ತೆ, ಸೋದರಮಾವನ ಹೆಂಡತಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಮೂರು ಬೇರೆ ದಾರಿಗಳು ಒಂದೇ ಪದದ ಮನೆಯಂಗಳಕ್ಕೆ ಬಂದು ಸೇರುವುದು ಆಕಸ್ಮಿಕವಲ್ಲ. ಸೋದರಮಾವನ ಮಗನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿದ್ದಲ್ಲಿ ಆ ಮೂವರೂ ಒಬ್ಬಳೇ ಆಗಬಹುದು. ರಕ್ತಸಂಬಂಧದ ಮದುವೆಗಳನ್ನು ನಾನು ಸಮರ್ಥಿಸುತ್ತಿಲ್ಲ, ಅವುಗಳಿಂದ ಮಕ್ಕಳಿಗಾಗುವ ಕಷ್ಟವನ್ನು ನಮ್ಮ ಬಂಧುಗಳಲ್ಲೇ ಕಂಡಿದ್ದೇನೆ. ಹೇಳುತ್ತಿರುವುದು ಇಷ್ಟೇ: ಒಂದು ಸಮೀಕರಣ ಆ ಪದದೊಳಗೆ ಅಡಗಿ ಕುಳಿತಿದೆ. ಈಗ ಮಕ್ಕಳು ಅತ್ತೆಗೆ, ಚಿಕ್ಕಮ್ಮನಿಗೆ, ಪಕ್ಕದ ಮನೆಯವರಿಗೆ ಎಲ್ಲರಿಗೂ ಆಂಟಿ ಎನ್ನುತ್ತಾರೆ. ದೊಡ್ಡಪ್ಪನ ಮಗಳೂ ಕಸಿನ್, ಸೋದರಮಾವನ ಮಗಳೂ ಕಸಿನ್. ನಾನು ಕೊನೆಯ ವರ್ಷ ಪಾಠ ಮಾಡಿದ ತರಗತಿಯಲ್ಲಿ ಓರಗಿತ್ತಿ ಎಂದರೆ ಯಾರೆಂದು ಹೇಳಿದವರು ಅರವತ್ತೆರಡು ಮಕ್ಕಳಲ್ಲಿ ಏಳು ಮಂದಿ. ಆ ಏಳು ಮಂದಿಯೂ ಅಜ್ಜಿಯ ಜೊತೆ ಬೆಳೆದವರು. ಒಂದು ಪದ ಹೋದಾಗ ಮೂರು ಹೆಜ್ಜೆಯ ಒಂದು ದಾರಿಯೇ ಮುಚ್ಚಿಹೋಗುತ್ತದೆ ಎಂದು ನನಗೆ ಅನ್ನಿಸಿ ಸಂಕಟವಾಯಿತು.

ನನ್ನ ಕೋರಿಕೆ ಎರಡು. ಅರ್ಜಿ ನಮೂನೆಗಳನ್ನು ಸಿದ್ಧಪಡಿಸುವ ಅಧಿಕಾರಿಗಳು ‘ಇಂಥವರೊಂದಿಗಿನ ಸಂಬಂಧ’ ಎಂಬುದನ್ನು ತೆಗೆದು ‘ಅರ್ಜಿದಾರರು ಮೃತರಿಗೆ ಏನಾಗಬೇಕು?’ ಎಂದು ಅಚ್ಚು ಹಾಕಿಸಲಿ. ಪಡಿತರ ಚೀಟಿಯಲ್ಲಿ ‘ಕುಟುಂಬದ ಮುಖ್ಯಸ್ಥರಿಗೆ ಏನಾಗಬೇಕು?’ ಎಂದಿರಲಿ. ಇದಕ್ಕೆ ಹೊಸ ಯಂತ್ರ ಬೇಡ, ಹಣ ಬೇಡ, ಒಂದು ಪ್ರತ್ಯಯ ಸಾಕು. ಇನ್ನು ನನ್ನ ಕಿರಿಯ ಸಹೋದ್ಯೋಗಿಗಳಿಗೆ: ಪಠ್ಯ ಇಂಗ್ಲಿಷಿನಲ್ಲಿರಲಿ, ಪರೀಕ್ಷೆಯೂ ಇಂಗ್ಲಿಷಿನಲ್ಲಿರಲಿ, ಆದರೆ ಸಂಬಂಧಗಳ ಪಾಠದ ಮೊದಲ ದಿನ ಪುಸ್ತಕ ತೆರೆಯಬೇಡಿ. ಮಕ್ಕಳಿಗೆ ತಮ್ಮ ಮನೆಯವರ ಹೆಸರುಗಳನ್ನು ಬರೆಯಲು ಹೇಳಿ, ಯಾರು ಯಾರಿಗೆ ಏನಾಗಬೇಕೆಂದು ಬಾಣ ಎಳೆಸಿ. ತಂದೆಯ ಕಡೆಗೆ ಪ್ರತಿಯೊಬ್ಬರಿಂದಲೂ ಒಂದೇ ಬಾಣ ಹೋಗುತ್ತದೆ, ಅಣ್ಣನ ಕಡೆಗೆ ಕೆಲವರಿಂದ ಮೂರು ಹೋಗುತ್ತವೆ, ಕೆಲವರಿಂದ ಒಂದೂ ಇಲ್ಲ. ಪ್ರತಿಯೊಬ್ಬರಿಂದಲೂ ಒಂದೇ ಒಂದು ಬಾಣ ಹೊರಡುವ ಸಂಬಂಧವೇ ಫಂಕ್ಷನ್ ಎಂದು ಮುಂದಿನ ವಾರ ಹೇಳುವಾಗ ಆ ಹಾಳೆ ಮತ್ತೆ ಬೇಕಾಗುತ್ತದೆ, ಜೋಪಾನವಾಗಿ ಇಟ್ಟುಕೊಳ್ಳಲು ಹೇಳಿ. ಯಾರದಾದರೂ ಮನೆಯಲ್ಲಿ ತಂದೆ ಇಲ್ಲದಿದ್ದರೆ, ತಾಯಿ ಬೇರೆಯಾಗಿದ್ದರೆ, ಮಗು ಬರೆಯಲು ಹಿಂಜರಿದರೆ ಒತ್ತಾಯಿಸಬೇಡಿ, ಊರಿನ ನದಿಗಳನ್ನು ಕೊಡಿ.

ಎರಡನೆಯ ಸಲ ಅರ್ಜಿ ಕೊಡುವಾಗ ನಾನೂ ಅಕ್ಕನ ಜೊತೆ ಹೋಗಿದ್ದೆ. ಆ ಅಂಕಣದಲ್ಲಿ ಜಾಗ ಕಡಿಮೆಯಿದ್ದರೂ ಸಣ್ಣ ಅಕ್ಷರದಲ್ಲಿ ಪೂರ್ತಿ ವಾಕ್ಯವನ್ನೇ ಬರೆಸಿದೆ: ‘ಮೃತರಿಗೆ ಅರ್ಜಿದಾರನು ಮಗನಾಗಬೇಕು.’ ಕಂಪ್ಯೂಟರಿನ ಮುಂದಿದ್ದ ಹುಡುಗಿ ಒಮ್ಮೆ ಓದಿ, ತಲೆಯೆತ್ತಿ ಏನನ್ನೂ ಕೇಳದೆ, ಸರಿಯಾಗಿ ಟೈಪ್ ಮಾಡಿದಳು.

ಇಂತಿ,
ಒಬ್ಬ ನಿವೃತ್ತ ಗಣಿತ ಉಪನ್ಯಾಸಕಿ,
ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ